ಕೂಲಿಕಾರನ ಮನೆಯೂ ಚರಿತ್ರೆಯ ಪುಟ

ಪ್ರವಾಸಕ್ಕೆಂದು ಮಕ್ಕಳನ್ನು ಕರೆದೊಯ್ದಾಗಲೆಲ್ಲ ನಾವು ತೋರಿಸುವುದು ಸೊಲ್ಲಾಪುರದ ಕೋಟೆಯನ್ನು, ವಿಜಾಪುರದ ಗೋಳಗುಮ್ಮಟವನ್ನು. ಅವುಗಳಿಗೆ ಕಲ್ಲು ಹೊತ್ತವನು ಸಂಜೆ ಎಂಥ ಮನೆಗೆ ಮರಳಿದನೆಂಬುದನ್ನು ತೋರಿಸಲು ನಮ್ಮಲ್ಲಿ ಏನೂ ಇಲ್ಲ. ಬಡವನ ಮನೆ ಬಿದ್ದರೆ ಅದರ ತೊಲೆ ಇನ್ನೊಂದು ಮನೆಗೆ ಹೋಗುತ್ತದೆ, ಮಣ್ಣು ಹೊಲಕ್ಕೆ ಹೋಗುತ್ತದೆ. ಆದುದರಿಂದಲೇ, ಎರಡು ಮಹಾಯುದ್ಧಗಳ ನಡುವಣ ಕಾಲದಲ್ಲಿ ಕೆಲಸಗಾರರಿಗಾಗಿ ಕಟ್ಟಿದ ಸಾಧಾರಣ ಮನೆಗಳನ್ನು ಇಂದು ಪರಂಪರೆಯೆಂದು ಏಕೆ ಎಣಿಸಬೇಕೆಂಬುದನ್ನು ಇಲ್ಲಿ ವಿವರಿಸಬಯಸುತ್ತೇವೆ.

ಇಂಗ್ಲೆಂಡಿನ ಕೈಗಾರಿಕಾ ನಗರಗಳಲ್ಲಿ ಕೂಲಿಕಾರರು ಬಹುಕಾಲ ಗಾಳಿ ಬೆಳಕಿಲ್ಲದ ಓಣಿಗಳಲ್ಲಿ ಬಾಡಿಗೆಗೆ ಬಾಳಿದರು. 1915ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಹೆಂಗಸರು ಏರಿಸಿದ ಬಾಡಿಗೆಯನ್ನು ಕೊಡೆವೆಂದು ಹಟ ಹಿಡಿದು ನಿಂತಾಗ ಸರಕಾರವು ಅದೇ ವರ್ಷ ಬಾಡಿಗೆಯನ್ನು ಕಾನೂನಿನಿಂದ ಕಟ್ಟಿಹಾಕಬೇಕಾಯಿತು. ಯುದ್ಧ ಮುಗಿಯುವ ಹೊತ್ತಿಗೆ, 1918ರಲ್ಲಿ, ಟ್ಯೂಡರ್ ವಾಲ್ಟರ್ಸ್ ಸಮಿತಿಯ ವರದಿ ಹೊರಬಿತ್ತು. ನಗರದಲ್ಲಿ ಎಕರೆಗೆ 12 ಮನೆಗಳಿಗಿಂತ ಹೆಚ್ಚು ಕೂಡದು. ಎದುರುಬದುರಿನ ಸಾಲುಗಳ ನಡುವೆ 70 ಅಡಿ ಇರಬೇಕು, ಚಳಿಗಾಲದ ಓರೆ ಬಿಸಿಲು ಆಗಲೇ ಒಳಗೆ ಬಂದೀತು. ಮನೆಮನೆಗೂ ಬಚ್ಚಲಿರಬೇಕು ಎಂದು ಅದು ಸೂಚಿಸಿತು. ಮರುವರ್ಷ ಇದಕ್ಕಾಗಿ ಕಾನೂನು ತಂದವರು ಡಾಕ್ಟರ್ ಅಡಿಸನ್. ಅವರು ಆರೋಗ್ಯ ಮಂತ್ರಿಗಳು, ಸ್ವತಃ ವೈದ್ಯರು. ಮನೆಯ ಮಾತು ಆರೋಗ್ಯ ಖಾತೆಗೆ ಸೇರಿತ್ತೆಂಬುದನ್ನು ಪಾಲಕರು ಗಮನಿಸಬೇಕು.

ಲಂಡನ್ನಿನ ಪೂರ್ವಕ್ಕಿರುವ ಬೆಕನ್‌ಟ್ರೀ ಎಂಬಲ್ಲಿ 1921ರಿಂದ ಮುಂದಿನ ಹದಿನೈದು ವರ್ಷಗಳೊಳಗೆ ಇಂಥ ಸುಮಾರು 26,000 ಮನೆಗಳು ಎದ್ದವು. ಇಟ್ಟಿಗೆಯ ಗೋಡೆ, ಮುಂದೆ ಅಂಗೈಯಗಲದ ತೋಟ, ಸುತ್ತ ಗಿಡದ ಬೇಲಿ. ಕಿಟಕಿಗಳನ್ನು ವಾರಕ್ಕೊಮ್ಮೆ ಒರೆಸಬೇಕೆಂಬ ನಿಯಮವೂ ಇತ್ತು! ಆದರೆ ಬಾಡಿಗೆ ಕಟ್ಟಲು ಸ್ಥಿರವಾದ ಸಂಬಳ ಬೇಕಾದುದರಿಂದ ಕಡುಬಡವರಿಗೆ ಅವು ದಕ್ಕಲಿಲ್ಲ. ಸಮೀಪದಲ್ಲಿ ಫೋರ್ಡ್ ಮೋಟಾರು ಕಾರಖಾನೆ ತೆರೆದುದು 1931ರಲ್ಲಿ. ಅಲ್ಲಿಯವರೆಗೆ ಬಹುಮಂದಿ ಕೆಲಸಕ್ಕಾಗಿ ದೂರ ಹೋಗಿಬರಬೇಕಾಗಿತ್ತು.

ಇಂಥ ಮನೆಯಲ್ಲಿ ಕೆತ್ತನೆಯಿಲ್ಲ, ಕಮಾನಿಲ್ಲ. ಅದರ ಬೆಲೆಯಿರುವುದು ಅಳತೆಯಲ್ಲಿ. ಮೂರು ಮಲಗುವ ಕೋಣೆಗಳ ಸಾಧಾರಣ ಮನೆಗೆ ಆ ಸಮಿತಿ ಸೂಚಿಸಿದ ವಿಸ್ತಾರ 855 ಚದರಡಿ. ಅದೇ ವರ್ಷಗಳಲ್ಲಿ, ಅದೇ ಸಾಮ್ರಾಜ್ಯದ ಆಳ್ವಿಕೆಯಲ್ಲಿ, ಮುಂಬಯಿ ಸರಕಾರದ ಅಭಿವೃದ್ಧಿ ಖಾತೆಯು ವರಳಿ, ನಾಯಗಾಂವ, ಶಿವಡಿ ಮೊದಲಾದೆಡೆ ಕೆಲಸಗಾರರಿಗಾಗಿ 200ಕ್ಕೂ ಹೆಚ್ಚು ಚಾಳುಗಳನ್ನು ಕಟ್ಟಿತು. ಅಲ್ಲಿ ಒಂದು ಸಂಸಾರಕ್ಕೆ ಒಂದೇ ಖೋಲಿ, ಸುಮಾರು 160 ಚದರಡಿ; ಪಾಯಖಾನೆ ಅಂತಸ್ತಿನವರಿಗೆಲ್ಲ ಸೇರಿ. ಆಳುವವರು ಯಾರನ್ನು ಎಷ್ಟೆಂದು ಎಣಿಸಿದ್ದರೆಂಬುದನ್ನು ಈ ಎರಡು ಅಂಕಿಗಳಷ್ಟು ಸ್ಪಷ್ಟವಾಗಿ ಯಾವ ಪಠ್ಯಪುಸ್ತಕವೂ ಹೇಳಲಾರದು.

ಆ ಚಾಳುಗಳನ್ನು ಈಗ ಕೆಡವಲಾಗುತ್ತಿದೆ. ವರಳಿಯ ಮೊದಲ 556 ಕುಟುಂಬಗಳಿಗೆ 2025ರ ಆಗಸ್ಟಿನಲ್ಲಿ 500 ಚದರಡಿಯ ಹೊಸ ಮನೆಗಳ ಕೀಲಿಕೈ ದೊರೆಯಿತು. ಇದಕ್ಕೆ ನಾವು ಅಡ್ಡ ನುಡಿಯಲಾರೆವು. ಪರಂಪರೆಯ ಹೆಸರಿನಲ್ಲಿ ಜನರನ್ನು ಇಕ್ಕಟ್ಟಿನಲ್ಲಿಯೇ ಬಾಳಿರೆನ್ನುವುದು, ಮಾಳಿಗೆಯ ಮನೆಯಲ್ಲಿ ಕುಳಿತು ಗುಡಿಸಲನ್ನು ಹೊಗಳಿದಂತೆ. ಆದರೂ ಎಲ್ಲವೂ ಅಳಿಯಬೇಕಾದುದಿಲ್ಲ. ವೇಲ್ಸ್ ನಾಡಿನ ಮರ್ಥರ್ ಟಿಡ್ವಿಲ್ ಊರಿನಲ್ಲಿ ಕಬ್ಬಿಣದ ಕೆಲಸಗಾರರ ಹಳೆಯ ಮನೆಸಾಲೊಂದಿತ್ತು. ಅದರ ಆರು ಮನೆಗಳನ್ನು ಬಿಚ್ಚಿ, ಸೇಂಟ್ ಫೇಗನ್ಸ್ ವಸ್ತುಸಂಗ್ರಹಾಲಯಕ್ಕೆ ತಂದು ಮರಳಿ ಕಟ್ಟಿ, 1987ರಲ್ಲಿ ತೆರೆದರು. ಒಂದರಲ್ಲಿ 1805ರ ಸಂಸಾರದ ಸಾಮಾನು, ಇನ್ನೊಂದರಲ್ಲಿ 1925ರದು, ಕೊನೆಯದರಲ್ಲಿ 1985ರದು. ಬಾಗಿಲಿನಿಂದ ಬಾಗಿಲಿಗೆ ನಡೆದರೆ ಕೂಲಿಕಾರನ 180 ವರ್ಷಗಳು ಕಣ್ಣಿಗೆ ಬೀಳುತ್ತವೆ.

ಮುಂಬಯಿಯ ಚಾಳಿನಲ್ಲಿ ಬಾಳಿದ ಅಜ್ಜ, ಅಜ್ಜಿ ನಿಮ್ಮ ಮನೆಯಲ್ಲಿದ್ದರೆ, ವಿದ್ಯಾರ್ಥಿಗಳೇ, ಒಲೆ ಎಲ್ಲಿತ್ತು, ಎಷ್ಟು ಮಂದಿ ಎಲ್ಲೆಲ್ಲಿ ಮಲಗುತ್ತಿದ್ದರು, ನಳದ ಸರದಿ ಎಷ್ಟು ಹೊತ್ತಿಗೆ ಬರುತ್ತಿತ್ತೆಂದು ಕೇಳಿ, ಆ ಖೋಲಿಯ ನಕ್ಷೆಯನ್ನು ಬರೆದು ತನ್ನಿರಿ. ಶಾಲೆಯ ಗೋಡೆಯ ಮೇಲೆ, ಗೋಳಗುಮ್ಮಟದ ಚಿತ್ರದ ಪಕ್ಕದಲ್ಲಿ, ಅದನ್ನು ನಾವು ತೂಗುಹಾಕುವೆವು.