ಇದು ಯಾರ ಪೈಕಿ?

ನಂಟು ಗೊತ್ತಾಗದ ಜೀವಿಗಳಿಗೂ ಜೀವವಿಜ್ಞಾನದ ವಹಿಯಲ್ಲಿ ಒಂದು ಪುಟ ಇದೆ. ಆ ಪುಟದ ಕತೆಯ ಕೆಲವು ಎಳೆಗಳು ಬಾಗಲಕೋಟೆ ಸೀಮೆಯ ಕಲ್ಲಿನಲ್ಲೂ ಸೀರೆಯ ಸೆರಗಿನಲ್ಲೂ ಸಿಗುತ್ತವೆ.

ಮಹಾಕೂಟಕ್ಕೆ ಬಂದವರ ಕಾಲು ಮೊದಲು ತಿರುಗುವುದು ವಿಷ್ಣು ಪುಷ್ಕರಣಿಯ ಕಡೆಗೆ. ಸುತ್ತಲಿನ ಗುಡ್ಡದಿಂದ ಜಿನುಗಿ ಬರುವ ಆ ನೀರಲ್ಲಿ ಮಿಂದು, ಮೆಟ್ಟಿಲು ಹತ್ತಿ ತಲೆ ಎತ್ತಿದರೆ ಒಂದೇ ಅಂಗಳದಲ್ಲಿ ಎರಡು ಬಗೆಯ ಶಿಖರಗಳು ಕಾಣುತ್ತವೆ. ಮಹಾಕೂಟೇಶ್ವರ ಮತ್ತು ಮಲ್ಲಿಕಾರ್ಜುನ ಗುಡಿಗಳದ್ದು ಅಂತಸ್ತು ಅಂತಸ್ತಾಗಿ ಏರುವ ದ್ರಾವಿಡ ಶಿಖರ. ಸಂಗಮೇಶ್ವರ ಗುಡಿಯದ್ದು ಬಾಗುತ್ತಾ ಮೇಲೆ ಹೋಗುವ ನಾಗರ ಶಿಖರ. ಇಲ್ಲಿ ಗುರುತು ಹಿಡಿಯುವುದು ಸುಲಭ. ಅಲ್ಲಿಂದ ಪಟ್ಟದಕಲ್ಲಿಗೆ ಹೋಗಿ ಪಾಪನಾಥ ಗುಡಿಯ ಮುಂದೆ ನಿಂತರೆ ಲೆಕ್ಕ ತಪ್ಪುತ್ತದೆ: ನೆತ್ತಿಯ ಮೇಲೆ ನಾಗರ ಶಿಖರ, ಗೋಡೆಯ ತುಂಬ ದ್ರಾವಿಡ ಕುಸುರಿ.

ನಮ್ಮ ಕಡೆ ಹೊಸಬರು ಬಂದರೆ ಹಿರಿಯರು ಕೇಳುವ ಮೊದಲ ಮಾತು, ‘ನೀವು ಯಾರ ಪೈಕಿ?’ ಜೀವವಿಜ್ಞಾನಿಯೂ ಪ್ರತಿ ಜೀವಿಗೆ ಕೇಳುವುದು ಇದನ್ನೇ. ಹುಲಿ ಬೆಕ್ಕಿನ ಪೈಕಿ, ಭತ್ತ ಹುಲ್ಲಿನ ಪೈಕಿ. ಉತ್ತರ ಸಿಕ್ಕದ ಜೀವಿಗಳ ಮುಂದೆ ‘ಇನ್ಸರ್ಟೇ ಸೆಡಿಸ್’ ಎಂದು ಬರೆಯುತ್ತಾರೆ. ಲ್ಯಾಟಿನ್ ಭಾಷೆಯ ಈ ಎರಡು ಪದಗಳಿಗೆ ‘ಇದರ ಸ್ಥಾನ ನಿಶ್ಚಯವಾಗಿಲ್ಲ’ ಎಂದು ಅರ್ಥ. ವಿಜ್ಞಾನದ ಅತ್ಯಂತ ಪ್ರಾಮಾಣಿಕ ಬರಹಗಳಲ್ಲಿ ಇದೂ ಒಂದು ಎಂದು ನಾನು ನಂಬಿದ್ದೇನೆ.

ಈ ಪ್ರಾಮಾಣಿಕತೆ ಒಂದೇ ದಿನದಲ್ಲಿ ಬಂದದ್ದಲ್ಲ. ಸ್ವೀಡನ್ನಿನ ಕಾರ್ಲ್ ಲಿನೇಯಸ್ 1735ರಲ್ಲಿ ‘ಸಿಸ್ಟೆಮಾ ನ್ಯಾಚುರೇ’ ಪ್ರಕಟಿಸಿ ಪ್ರಕೃತಿಯನ್ನೆಲ್ಲ ಸಾಲಾಗಿ ಜೋಡಿಸಲು ಹೊರಟರು. ಬೆನ್ನೆಲುಬಿಲ್ಲದ, ಕೀಟವೂ ಅಲ್ಲದ ಪ್ರಾಣಿಗಳನ್ನೆಲ್ಲ ಅವರು ‘ವರ್ಮೀಸ್’, ಅಂದರೆ ಹುಳುಗಳು, ಎಂಬ ಒಂದೇ ವರ್ಗಕ್ಕೆ ತುಂಬಿದರು. ಬಸವನಹುಳು, ಎರೆಹುಳು, ನಕ್ಷತ್ರಮೀನು ಎಲ್ಲವೂ ಅಲ್ಲಿಯೇ. ಮುಂದೆ ಸೂಕ್ಷ್ಮದರ್ಶಕದಡಿ ಮಾತ್ರ ಕಾಣುವ ಜೀವಿಗಳಿಗೆ ಅವರಿಟ್ಟ ಹೆಸರು ‘ಕೇಯಾಸ್’. ಆ ಪದಕ್ಕೆ ಆಕಾರವಿಲ್ಲದ ಗೊಂದಲ ಎಂದು ಅರ್ಥ. ಗೊತ್ತಿಲ್ಲದ್ದನ್ನು ಗೊತ್ತಿರುವ ಹೆಸರಿನ ಚೀಲಕ್ಕೆ ಹಾಕಿ ಬಾಯಿ ಕಟ್ಟುವ ಕ್ರಮ ಅದು.

1789ರಲ್ಲಿ ಪ್ಯಾರಿಸ್ಸಿನ ಸಸ್ಯವಿಜ್ಞಾನಿ ಆಂಟೊಯಿನ್ ಲೊರಾಂ ದ ಜ್ಯೂಸ್ಯೂ ಬೇರೆ ದಾರಿ ಹಿಡಿದರು. ತಮ್ಮ ‘ಜೆನೆರಾ ಪ್ಲಾಂಟಾರಮ್’ ಗ್ರಂಥದಲ್ಲಿ ಗಿಡಗಳನ್ನು ನೂರು ಗಣಗಳಾಗಿ ವಿಂಗಡಿಸಿದ ಮೇಲೂ ಕೆಲವು ಉಳಿದವು. ಅವನ್ನು ಬಲವಂತದಿಂದ ಎಲ್ಲಿಗೋ ತುರುಕದೆ, ‘ಪ್ಲಾಂಟೇ ಇನ್ಸರ್ಟೇ ಸೆಡಿಸ್’ ಎಂಬ ತಲೆಬರಹದಡಿ ಪ್ರತ್ಯೇಕವಾಗಿ ಪಟ್ಟಿ ಮಾಡಿದರು. ಚೀಲ ಹೋಗಿ ಖಾನೆ ಬಂತು. ಚೀಲದೊಳಗೆ ಹೋದದ್ದನ್ನು ಜನ ಮರೆಯುತ್ತಾರೆ. ತೆರೆದಿಟ್ಟ ಖಾನೆಯನ್ನು ನೋಡಿದ ಪ್ರತಿ ಹೊಸ ವಿದ್ಯಾರ್ಥಿಗೂ ಅಲ್ಲೊಂದು ಕೆಲಸ ಬಾಕಿ ಇದೆ ಎಂದು ತಿಳಿಯುತ್ತದೆ.

ಅಂಥ ಬಾಕಿ ಕೆಲಸ ಬಾಗಲಕೋಟೆ ಸೀಮೆಯ ಲೋಕಾಪುರದ ಸುತ್ತಲಿನ ಕಲ್ಲುಗಳಲ್ಲೂ ಇದೆ. ಬಾದಾಮಿಯ ಕೆಂಪು ಮರಳುಗಲ್ಲಿಗಿಂತ ಹಳೆಯದಾದ, ನೂರು ಕೋಟಿ ವರ್ಷಕ್ಕೂ ಹಿಂದಿನ ಸುಣ್ಣಕಲ್ಲು ಮತ್ತು ಡಾಲಮೈಟ್ ಪದರಗಳು ಅಲ್ಲಿವೆ. 1876ರಲ್ಲಿ ಈ ಸೀಮೆಯ ಭೂರಚನೆಯನ್ನು ವಿವರಿಸಿ ಪ್ರಕಟಿಸಿದ ರಾಬರ್ಟ್ ಬ್ರೂಸ್ ಫೂಟ್ ಈ ಶಿಲಾಸಮೂಹವನ್ನು ಕಲಾದಗಿಯ ಹೆಸರಿನಿಂದಲೇ ಕರೆದರು. ಇದರ ಕೆಲವು ಕಲ್ಲುಗಳಲ್ಲಿ ಉಳ್ಳಾಗಡ್ಡಿಯನ್ನು ನಡುವೆ ಕೊಯ್ದಂತೆ ಒಂದರೊಳಗೊಂದು ಕಮಾನುಗೆರೆಗಳು ಕಾಣುತ್ತವೆ. ಇವೇ ಸ್ಟ್ರೊಮ್ಯಾಟೊಲೈಟ್‌ಗಳು.

ಇಂಥ ಗೆರೆಗಲ್ಲಿಗೆ ಹೆಸರಿಡಲು ಅಮೆರಿಕದಲ್ಲಿ ಮೊದಲು ಹೊರಟವರು ಜೇಮ್ಸ್ ಹಾಲ್. ನ್ಯೂಯಾರ್ಕ್ ರಾಜ್ಯದ ಸಾರಟೋಗಾ ಬಳಿಯ ಕಲ್ಲನ್ನು ಅವರು 1883ರಲ್ಲಿ ‘ಕ್ರಿಪ್ಟೊಜೋವನ್’ ಎಂದು ಕರೆದರು. ಅಡಗಿರುವ ಪ್ರಾಣಿ ಎಂಬುದು ಅದರ ಅರ್ಥ. ಅದು ಪ್ರಾಣಿಯ ಪೈಕಿ ಎನ್ನುವುದು ಹೆಚ್ಚು ಕಾಲ ನಿಲ್ಲಲಿಲ್ಲ. ಚಾರ್ಲ್ಸ್ ವಾಲ್ಕಾಟ್ ಪಾಚಿಯ ಕಡೆ ಬೆರಳು ತೋರಿಸಿದರು. 1931ರಲ್ಲಿ ಬ್ರಿಟನ್ನಿನ ಆಲ್ಬರ್ಟ್ ಸೀವರ್ಡ್, ಜೀವದ ಕೈವಾಡ ಇದರಲ್ಲಿ ಇದೆಯೇ ಎಂದೇ ಸಂಶಯಪಟ್ಟರು. ಆಸ್ಟ್ರೇಲಿಯಾದ ಶಾರ್ಕ್ ಬೇ ಕಡಲತೀರದಲ್ಲಿ ಇಂದಿಗೂ ಬೆಳೆಯುತ್ತಿರುವ ಸ್ಟ್ರೊಮ್ಯಾಟೊಲೈಟ್‌ಗಳ ವಿವರ 1961ರಲ್ಲಿ ಪ್ರಕಟವಾದಾಗ ಅವು ಬೆಳೆಯುವ ಬಗೆ ಕಣ್ಣಿಗೇ ಕಂಡಿತು. ಸೂಕ್ಷ್ಮಜೀವಿಗಳ ಅಂಟಾದ ಚಾಪೆಯೊಂದು ನೀರಿನ ಹೂಳನ್ನು ಹಿಡಿಯುತ್ತದೆ. ಹೂಳು ಮುಚ್ಚಿದಂತೆ ಜೀವಿಗಳು ಬೆಳಕಿಗಾಗಿ ಮೇಲೆ ಸರಿದು ಹೊಸ ಚಾಪೆ ಹಾಸುತ್ತವೆ. ಪದರದ ಮೇಲೆ ಪದರ ಕೂತು ಕಲ್ಲಾಗುತ್ತದೆ.

1960ರ ದಶಕದ ಕೊನೆಗೆ, ಆಗಿನ ಮೈಸೂರು ರಾಜ್ಯದ ಭೂವಿಜ್ಞಾನಿಗಳು ಲೋಕಾಪುರದ ಕಲ್ಲುಗಳನ್ನು ವರದಿ ಮಾಡಿದಾಗ ‘ಪಾಚಿಯ ಸ್ಟ್ರೊಮ್ಯಾಟೊಲೈಟ್’ ಎಂದೇ ಬರೆದರು. ಅಂದಿಗೆ ಅದೇ ಸರಿ. ಇಂಥ ಚಾಪೆ ಹಾಸುವ ನೀಲಿಹಸಿರು ಪಾಚಿ ಆಗ ಸಸ್ಯಗಳ ಸಾಲಿನಲ್ಲಿತ್ತು. ಮುಂದಿನ ದಶಕದಲ್ಲಿ ಅದರ ಜೀವಕೋಶದ ರಚನೆಯನ್ನು ಆಧರಿಸಿ ಅದನ್ನು ಬ್ಯಾಕ್ಟೀರಿಯಾ ಎಂದು ಒಪ್ಪಲಾಯಿತು. ಈಗ ಅದು ಸಯನೊಬ್ಯಾಕ್ಟೀರಿಯಾ. ಲೋಕಾಪುರದ ಕಲ್ಲು ಕದಲಲಿಲ್ಲ, ಅದನ್ನು ಕಟ್ಟಿದವರ ಮನೆತನ ಬದಲಾಯಿತು. ಆದರೂ ಇಂಥ ಹಳೆಯ ಕಲ್ಲಿನಲ್ಲಿ ಸಾಮಾನ್ಯವಾಗಿ ಉಳಿದಿರುವುದು ಕಟ್ಟಡ ಮಾತ್ರ, ಕಟ್ಟಿದವರ ಒಡಲಿಲ್ಲ. ಹಾಗಾಗಿ ‘ಕೊಲೀನಿಯಾ’, ‘ಕೊನೊಫೈಟನ್’ ಮುಂತಾದ ಹೆಸರುಗಳು ಜೀವಿಯವಲ್ಲ, ಕಲ್ಲಿನ ಆಕಾರದವು.

ಪಕ್ಕದ ಭೀಮಾ ಸೀಮೆಗೆ ಹೋದರೆ ಒಡಲೇ ಸಿಕ್ಕಿಯೂ ಬಗೆಹರಿಯದ ಉದಾಹರಣೆ ಇದೆ. ಅಲ್ಲಿನ ಹಾಲ್ಕಲ್ ಜೇಡಿಶಿಲೆಯಲ್ಲಿ ‘ಚುವಾರಿಯಾ’ ಎಂಬ ಕಪ್ಪು ಬಿಲ್ಲೆಗಳು ಸಿಕ್ಕಿರುವುದಾಗಿ 1990ರ ದಶಕದಲ್ಲಿ ವರದಿಯಾಯಿತು. ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಸಿಕ್ಕ ಇದೇ ಬಗೆಯ ಬಿಲ್ಲೆಗಳನ್ನು ವಾಲ್ಕಾಟ್ 1899ರಲ್ಲಿ ಚಿಪ್ಪುಪ್ರಾಣಿ ಎಂದು ಬಗೆದಿದ್ದರು. ಬಳಿಕ ಬೇರೆ ಬೇರೆ ಪಂಡಿತರು ಬೇರೆ ಬೇರೆ ಕಡೆ ಸೇರಿಸಿದರು. ಕೊನೆಗೆ ಅದಕ್ಕೆ ನೆಲೆ ಸಿಕ್ಕಿದ್ದು ‘ಅಕ್ರಿಟಾರ್ಕ್’ ಗುಂಪಿನಲ್ಲಿ. ಮೂಲ ತಿಳಿಯದ ಸಾವಯವ ಕೋಶಗಳಿಗೆಂದೇ ವಿಲಿಯಂ ಎವಿಟ್ 1963ರಲ್ಲಿ ಕಟ್ಟಿಕೊಟ್ಟ ಗುಂಪು ಅದು.

ಆತುರಪಟ್ಟರೆ ಏನಾಗುತ್ತದೆ ಎಂಬುದಕ್ಕೆ ಮಧ್ಯಪ್ರದೇಶದ ಭೀಮ್‌ಬೇಟ್ಕಾ ಸಾಕ್ಷಿ. ಬಾದಾಮಿಯ ಹಾಗೆ ಅದೂ ಮರಳುಗಲ್ಲಿನ ಗವಿಗಳ ತಾಣ. ಅಲ್ಲಿನ ಬಂಡೆಯ ಮೇಲೆ ‘ಡಿಕಿನ್ಸೋನಿಯಾ’ದ ಅಚ್ಚು ಸಿಕ್ಕಿದೆ ಎಂಬ ಸುದ್ದಿ 2021ರಲ್ಲಿ ದೊಡ್ಡದಾಯಿತು. ಡಿಕಿನ್ಸೋನಿಯಾ 1947ರಲ್ಲಿ ಹೆಸರು ಪಡೆದಾಗಿನಿಂದ ಅಂಬಲಿಮೀನು, ಹುಳು, ಕಲ್ಲುಹೂವು ಎಂದು ಹತ್ತು ಮನೆ ಸುತ್ತಿದ ಜೀವಿ. ರಷ್ಯಾದ ಪಳೆಯುಳಿಕೆಯೊಂದರಲ್ಲಿ ಕೊಲೆಸ್ಟರಾಲ್‌ನ ಕುರುಹು ಸಿಕ್ಕ ಮೇಲೆ, 2018ರಲ್ಲಿ, ಅದು ಪ್ರಾಣಿ ಎನ್ನಲು ಬಲ ಬಂತು. ಆದರೆ ಭೀಮ್‌ಬೇಟ್ಕಾದ ಗುರುತನ್ನು ಮತ್ತೊಂದು ತಂಡ ಹತ್ತಿರದಿಂದ ನೋಡಿದಾಗ ಕಂಡದ್ದು ಬಂಡೆಗೆ ಅಂಟಿ ಕೊಳೆತ ಜೇನುಗೂಡಿನ ಕಲೆ. 2023ರಲ್ಲಿ ಅದು ಪ್ರಕಟವಾಯಿತು. ಮೊದಲು ವರದಿ ಮಾಡಿದ ಗ್ರೆಗರಿ ರಿಟಲಾಕ್ ತಪ್ಪನ್ನು ಒಪ್ಪಿಕೊಂಡರು. ಹಾಗೆ ಒಪ್ಪಿಕೊಳ್ಳುವ ಮನಸ್ಸು ಕಂಡುಹಿಡಿಯುವ ಜಾಣ್ಮೆಯಷ್ಟೇ ದೊಡ್ಡದು.

ಇವೆಲ್ಲ ಸತ್ತು ಕಲ್ಲಾದ ಜೀವಗಳ ಮಾತಾಯಿತು. ಬದುಕಿರುವ ಜೀವಿಗೂ ಇದೇ ಪಾಡು. ಇಳಕಲ್ ಸೀರೆಯ ಸೆರಗಿಗೆ ರೇಷ್ಮೆ ಬೇಕು, ರೇಷ್ಮೆಗೆ ಹುಳು ಬೇಕು, ಹುಳುವಿನ ಹಳೆಯ ಶತ್ರು ಗಂಟುರೋಗ. ರೋಗ ತರುವುದು ‘ನೊಸೀಮಾ ಬಾಂಬಿಸಿಸ್’ ಎಂಬ ಸೂಕ್ಷ್ಮಜೀವಿ. 1857ರಲ್ಲಿ ಕಾರ್ಲ್ ನೇಗೆಲಿ ಅದಕ್ಕೆ ಹೆಸರಿಟ್ಟು ಶಿಲೀಂಧ್ರಗಳ ಹತ್ತಿರ ಕೂರಿಸಿದರು. ಆಮೇಲೆ ಅದನ್ನು ಏಕಕೋಶ ಪ್ರಾಣಿಗಳ ಸಾಲಿಗೆ ಒಯ್ದರು. ಅದರ ಬಳಗದ ಜೀವಕೋಶದಲ್ಲಿ ಮೈಟೊಕಾಂಡ್ರಿಯಾ ಕಾಣದ ಕಾರಣ 1980ರ ದಶಕದಲ್ಲಿ ಅದಕ್ಕೆ ಅತಿ ಪ್ರಾಚೀನ ಜೀವಿಗಳ ಜತೆ ಜಾಗ ಕೊಟ್ಟರು. 1990ರ ದಶಕದಲ್ಲಿ ವಂಶವಾಹಿಗಳನ್ನು ಓದಿದಾಗ ನಂಟು ಶಿಲೀಂಧ್ರದ ಕಡೆಗೇ ಎಂದು ತಿಳಿಯಿತು. 2002ರಲ್ಲಿ ಈ ಬಳಗದ ಒಂದು ಜೀವಿಯಲ್ಲಿ ಸೊರಗಿದ ಮೈಟೊಕಾಂಡ್ರಿಯಾದ ಅವಶೇಷವೂ ಸಿಕ್ಕಿತು. ಆದರೂ ಈ ಬಳಗದ ಹೆಸರುಗಳು ಇವತ್ತಿಗೂ ದಾಖಲಾಗುವುದು ಪ್ರಾಣಿಗಳ ನಾಮಕರಣ ನಿಯಮದಡಿ. ಮನೆ ನವನಗರದಲ್ಲಿದ್ದು ಹಳೆಯ ಕಾಗದಪತ್ರ ಮುಳುಗಡೆಯಾದ ಊರಿನ ಹೆಸರಲ್ಲಿರುವುದು ಹೇಗೆಂದು ಬಾಗಲಕೋಟೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಪಂಡಿತರಲ್ಲಿ ಈ ವಾದ ನಡೆಯುತ್ತಿದ್ದಾಗ ರೇಷ್ಮೆ ಬೆಳೆಗಾರ ಕಾಯಬೇಕಾಗಿ ಬರಲಿಲ್ಲ. 1865ರಿಂದ ಫ್ರಾನ್ಸಿನ ಅಲೆಸ್‌ನಲ್ಲಿ ಈ ರೋಗದ ಬೆನ್ನುಹತ್ತಿದ ಲೂಯಿ ಪಾಸ್ಚರ್, ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಡಿ ನೋಡುವ ವಿಧಾನ ತಂದರು. ರೋಗದ ಕಣ ಕಂಡರೆ ಆ ಮೊಟ್ಟೆಗಳನ್ನು ನಾಶಮಾಡಬೇಕು. ರೇಷ್ಮೆ ಮೊಟ್ಟೆ ಉತ್ಪಾದನಾ ಕೇಂದ್ರಗಳಲ್ಲಿ ಇಂದಿಗೂ ತಾಯಿಚಿಟ್ಟೆಯ ಪರೀಕ್ಷೆ ನಡೆಯುತ್ತದೆ. ಯಾರ ಪೈಕಿ ಎಂಬುದು ತೀರ್ಮಾನವಾಗದಿದ್ದರೂ ಜೀವಿಯನ್ನು ಚೆನ್ನಾಗಿ ನೋಡಿ, ಅದರ ನಡತೆ ಬರೆದಿಟ್ಟುಕೊಂಡರೆ ಕೆಲಸ ನಿಲ್ಲುವುದಿಲ್ಲ.

ಹಾಗೆ ನೋಡಲು ವಸ್ತು ಉಳಿದಿರಬೇಕು. ಸಿಮೆಂಟಿಗೂ ಸುಣ್ಣಕ್ಕೂ ಕಲ್ಲು ತೆಗೆಯುವ ಸೀಮೆ ನಮ್ಮದು. ಉಳ್ಳಾಗಡ್ಡಿಯ ಗೆರೆಗಳಿರುವ ಬಂಡೆ ಹೊಲದ ಬದುವಿನಲ್ಲಿ ಕಂಡರೆ ಒಡೆಯುವ ಮುನ್ನ ಹತ್ತಿರದ ಕಾಲೇಜಿನ ಭೂವಿಜ್ಞಾನದ ಮೇಷ್ಟ್ರಿಗೆ ಒಂದು ಮಾತು ತಿಳಿಸಿ. ಮಹಾಕೂಟದ ಗುಡಿಗಳನ್ನು ನಾವು ಕಾಪಾಡಿಕೊಂಡಿರುವುದರಿಂದಲೇ ನಾಗರ ಯಾವುದು, ದ್ರಾವಿಡ ಯಾವುದು ಎಂದು ಇಂದಿಗೂ ಅವುಗಳ ಮುಂದೆ ನಿಂತು ಮಾತಾಡಲು ಸಾಧ್ಯವಾಗಿದೆ. ಲೋಕಾಪುರದ ಕಲ್ಲು ಆ ಗುಡಿಗಳಿಗಿಂತ ಎಷ್ಟೋ ಹಳೆಯ ಕಟ್ಟಡ. ಅದನ್ನು ಕಟ್ಟಿದವರು ಯಾರ ಪೈಕಿ ಎಂದು ಮುಂದೊಂದು ದಿನ ಯಾರಾದರೂ ಕೇಳಲು ಬಂದಾಗ ಕಲ್ಲು ಅಲ್ಲೇ ಇರಲಿ.