ಗುಂಗುರುಗೂದಲಿಗೆ ಬೇಕಾದ ತೇವ

ಕವಿಗಳು ನಾಯಿಕೆಯನ್ನು ಕುಟಿಲಕುಂತಲೆಯೆಂದು ಕೊಂಡಾಡಿರುವರು. ಆ ಕುಂತಲವನ್ನು ಪ್ರತಿ ಬೆಳಿಗ್ಗೆ ಬಾಚುವ ಕೆಲಸ ಮಾತ್ರ ಅವರದಾಗಿರಲಿಲ್ಲ. ನಮ್ಮ ಮನೆಯ ಹುಡುಗಿಯೊಬ್ಬಳು ಹಣಿಗೆಯನ್ನು ಕಂಡೊಡನೆ ಅಳುತ್ತಿದ್ದಳು. ಜಿಡ್ಡು ಸಾಲದೆಂದು ಬಗೆದು ನಾವು ಅವಳ ಒಣಗೂದಲಿಗೆ ಮೇಲಿಂದ ಮೇಲೆ ಎಣ್ಣೆ ಹಚ್ಚಿದೆವು. ತಲೆದಿಂಬು ಕರೆಗಟ್ಟಿತು, ಕೂದಲ ತುದಿಯು ತೆಂಗಿನ ನಾರಿನಂತೆಯೇ ಉಳಿಯಿತು. ಕತ್ತರಿಸಿಬಿಡೋಣವೆಂಬ ಮಾತೂ ಬಂದಿತು.

ತಪ್ಪು ನಮ್ಮದೇ ಆಗಿದ್ದಿತು. ನೆತ್ತಿಯ ಚರ್ಮದಲ್ಲಿ ಹುಟ್ಟುವ ಸಹಜವಾದ ಜಿಡ್ಡು ನೇರವಾದ ಕೂದಲಿನಲ್ಲಿ ಸುಲಭವಾಗಿ ಕೆಳಗಿಳಿಯುವುದು. ಸುರುಳಿಗೂದಲಿನಲ್ಲಿ ತುದಿಯನ್ನು ಮುಟ್ಟುವುದು ಕಷ್ಟ. ಆದುದರಿಂದ ತುದಿಯು ಒಣಗುವುದು. ಅಲ್ಲಿಗೆ ಮೊದಲು ಬೇಕಾದುದು ನೀರು. ಎಣ್ಣೆಯಲ್ಲಿ ನೀರಿಲ್ಲ, ಇರುವ ತೇವವು ಬೇಗ ಆರದಂತೆ ಅದು ತಡೆಯುವುದಷ್ಟೆ. ಹಾಗೆಂದು ಸ್ನಾನಕ್ಕೆ ಮೊದಲು ಕೊಬ್ಬರಿ ಎಣ್ಣೆ ಹಚ್ಚುವ ಹಿರಿಯರ ಪದ್ಧತಿಯನ್ನು ಬಿಡತಕ್ಕದ್ದಲ್ಲ. 2003ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಕೊಬ್ಬರಿ, ಸೂರ್ಯಕಾಂತಿ ಮತ್ತು ಖನಿಜ ತೈಲಗಳನ್ನು ಹೋಲಿಸಿದಾಗ, ಕೂದಲಿನ ಪ್ರೋಟೀನು ಸವೆಯುವುದನ್ನು ಕೊಬ್ಬರಿ ಎಣ್ಣೆಯೊಂದೇ ತಗ್ಗಿಸಿತು.

ನಮಗೆ ಎಲ್ಲಕ್ಕಿಂತ ಮೆಚ್ಚಾದುದು ಮಲೆನಾಡು, ಕರಾವಳಿಗಳ ಗೊಂಪು. ದಾಸವಾಳದ ಅಥವಾ ಮತ್ತಿಯ ಎಲೆಗಳನ್ನು ತೊಳೆದು, ನೀರಿನಲ್ಲಿ ಚೆನ್ನಾಗಿ ಕಿವುಚಿದರೆ ಲೋಳೆ ಬಿಡುವುದು. ಅದನ್ನು ತೆಳುಬಟ್ಟೆಯಲ್ಲಿ ಸೋಸಲೇಬೇಕು. ಸುರುಳಿಯೊಳಗೆ ಸಿಕ್ಕಿದ ಎಲೆಯ ಚೂರುಗಳನ್ನು ಆಯುತ್ತ ಕುಳಿತರೆ ಮಧ್ಯಾಹ್ನವಾದೀತು! ಒದ್ದೆಗೂದಲಿಗೆ ಗೊಂಪನ್ನು ಧಾರಾಳವಾಗಿ ಸವರಿ, ಅದು ಜಾರುತ್ತಿರುವಾಗಲೇ ಬೆರಳುಗಳಿಂದ ಸಿಕ್ಕು ಬಿಡಿಸಬೇಕು. ತುದಿಯಿಂದ ಆರಂಭಿಸಿ ಬುಡದ ಕಡೆಗೆ ಸಾಗಬೇಕು. ಬಳಿಕ ತೊಳೆದು, ನೀರು ತೊಟ್ಟಿಕ್ಕುತ್ತಿರುವಾಗಲೇ ನಾಲ್ಕೈದು ಹನಿ ಎಣ್ಣೆಯನ್ನು ಅಂಗೈಯಲ್ಲಿ ಉಜ್ಜಿ ತುದಿಗಳಿಗೆ ಸವರತಕ್ಕದ್ದು. ಒಣಗಿದ ಮೇಲೆ ಹಣಿಗೆಯನ್ನು ಮುಟ್ಟಬಾರದು.

ಎಲೆ ದೊರೆಯದ ಪಟ್ಟಣವಾಸಿಗಳು ಅಗಸೆಯ ಬೀಜವನ್ನು ತರಿಸಬಹುದು. ಉತ್ತರ ಕರ್ನಾಟಕದ ಮನೆಗಳಲ್ಲಿ ಹಿಂಡಿಗೆ ಬಳಸುವ ಬೀಜವೇ ಇದು. ಎರಡು ಚಮಚ ಬೀಜವನ್ನು ಎರಡು ಬಟ್ಟಲು ನೀರಿನಲ್ಲಿ ಕುದಿಸಿ, ಲೋಳೆಗಟ್ಟಿದೊಡನೆ ಬಿಸಿಯಾಗಿರುವಾಗಲೇ ಸೋಸಬೇಕು. ಆರಿದರೆ ಬಟ್ಟೆಯಿಂದ ಇಳಿಯದು. ಇದನ್ನು ತೊಳೆಯದೆ ಕೂದಲಿನಲ್ಲಿಯೇ ಬಿಡಬಹುದು. ಅಂಗಡಿಯ ಕಂಡೀಷನರೂ ಕೆಲಸ ಮಾಡೀತು, ನಾವು ಅದರ ವಿರೋಧಿಗಳಲ್ಲ. ಸೀಗೆಪುಡಿಯನ್ನು ಮಾತ್ರ ಮಿತವಾಗಿ ಬಳಸುವುದು ಲೇಸು. ಅದು ಕೊಳೆಯೊಡನೆ ಇದ್ದಬದ್ದ ಜಿಡ್ಡನ್ನೂ ಒಯ್ಯುವುದು.

ನಮ್ಮ ಹುಡುಗಿ ಈಗ ತಾನೇ ಗೊಂಪು ಕಿವುಚಿಕೊಳ್ಳುವಳು. ಹಿತ್ತಿಲಿನ ದಾಸವಾಳದ ಗಿಡ ಬೋಳಾಗುತ್ತಿದೆಯೆಂಬುದು ಅವಳ ಅಜ್ಜಿಯ ದೂರು.