ಭಾಲ್ಕಿ-ಬೀದರ ಸೀಮೆಯ ಶೌರ್ಯಕಥೆಗಳು, ಮನೆತನದ ನೆನಪುಗಳು ಮತ್ತು ಐತಿಹ್ಯಗಳು: ಇತಿಹಾಸದ ಆಧಾರಗಳಾಗಿ ಅವುಗಳ ಬೆಲೆ

ಭಾಲ್ಕಿ, ಔರಾದ, ಬೀದರ ಈ ಮೂರು ಸ್ಥಳಗಳನ್ನು ಒಳಗೊಂಡ ಸೀಮೆಯಲ್ಲಿ ಹಳೆಯ ಮನೆತನಗಳ ಹಿರಿಯರೊಡನೆ ಮಾತಿಗೆ ಕುಳಿತವರಿಗೆ ಮೂರು ಬಗೆಯ ವೃತ್ತಾಂತಗಳು ಒಂದೇ ಉಸಿರಿನಲ್ಲಿ ಕೇಳಬರುತ್ತವೆ. ಯುದ್ಧಕಾಲದಲ್ಲಿ ಯಾರೋ ತೋರಿದ ಶೌರ್ಯ ಮೊದಲನೆಯದು. ತಮ್ಮ ಮನೆತನವು ಎಲ್ಲಿಂದ ಬಂದಿತು, ಯಾವ ಸಂಕಟವನ್ನು ದಾಟಿತು ಎಂಬುದು ಎರಡನೆಯದು. ಕೋಟೆ, ಬಾವಿ, ಸುರಂಗಗಳನ್ನು ಕುರಿತ ಐತಿಹ್ಯ ಮೂರನೆಯದು. ಹೇಳುವವರು ಇವುಗಳಲ್ಲಿ ಭೇದವೆಣಿಸುವುದಿಲ್ಲ. ಎಣಿಸಬೇಕಾದದ್ದು ಇತಿಹಾಸದ ವಿದ್ಯಾರ್ಥಿಯ ಕೆಲಸ. ಇವನ್ನೆಲ್ಲ ಕಟ್ಟುಕಥೆಯೆಂದು ತಳ್ಳಿಹಾಕುವುದು ಎಷ್ಟು ತಪ್ಪೋ, ಎಲ್ಲವನ್ನೂ ನಿಜವೆಂದು ಬರೆದುಕೊಳ್ಳುವುದೂ ಅಷ್ಟೇ ತಪ್ಪು. ಒಂದೊಂದು ಬಗೆಯ ವೃತ್ತಾಂತಕ್ಕೂ ಒಂದೊಂದು ಬೆಲೆಯಿದೆ. ಆ ಬೆಲೆಯನ್ನು ಕಟ್ಟುವ ಕ್ರಮವೇನೆಂಬುದನ್ನು ಈ ಸೀಮೆಯ ಉದಾಹರಣೆಗಳಿಂದಲೇ ವಿವರಿಸುವುದು ಈ ಲೇಖನದ ಉದ್ದೇಶ.

೧. ಶತ್ರುವೇ ಬರೆದಿಟ್ಟ ಶೌರ್ಯ

ಮೊದಲು, ಲಿಖಿತ ಆಧಾರವುಳ್ಳ ಒಂದು ಪ್ರಸಂಗವನ್ನು ನೋಡೋಣ. ಬರೀದಶಾಹಿಯು ಅಳಿದು ೧೬೧೯ರಲ್ಲಿ ಬೀದರವು ಬಿಜಾಪುರದ ಆದಿಲಶಾಹಿಯ ವಶವಾಯಿತು. ಮುಂದೆ ೧೬೫೭ರ ಮಾರ್ಚಿಯಲ್ಲಿ, ಆಗ ಇನ್ನೂ ದಖ್ಖನದ ಸುಬೇದಾರನಾಗಿದ್ದ ಔರಂಗಜೇಬನು ಮೀರ್ ಜುಮ್ಲಾನೊಡನೆ ಬಂದು ಕೋಟೆಗೆ ಮುತ್ತಿಗೆ ಹಾಕಿದನು. ಕೋಟೆಯ ಅಧಿಪತಿ ಸಿದ್ದಿ ಮರ್ಜಾನ್. ಆಫ್ರಿಕಾ ಮೂಲದ ಹಬಶಿ ಸರದಾರನಾದ ಇವನು ಬಹುಕಾಲದಿಂದ ಆ ಕೋಟೆಯನ್ನು ಕಾಯುತ್ತಿದ್ದ ಮುದುಕ. ಮುತ್ತಿಗೆ ೨೭ ದಿನ ನಡೆಯಿತು. ಮೊಗಲರ ಫಿರಂಗಿಗಳು ಬುರುಜುಗಳನ್ನು ಶಿಥಿಲಗೊಳಿಸಿದ ಮೇಲೆ, ೨೯ನೆಯ ಮಾರ್ಚಿಯ ಆಕ್ರಮಣದ ಹೊತ್ತಿನಲ್ಲಿ ಅಗ್ನಿಬಾಣವೊಂದು ಬುರುಜಿನ ಹಿಂದಿದ್ದ ಮದ್ದಿನ ಸಂಗ್ರಹಕ್ಕೆ ತಗುಲಿ ಭಯಂಕರ ಸ್ಫೋಟವಾಯಿತು. ಮುಂದೆ ನಿಂತು ಕಾದಾಡುತ್ತಿದ್ದ ಮರ್ಜಾನನೂ ಅವನ ಇಬ್ಬರು ಮಕ್ಕಳೂ ಸುಟ್ಟು ಮರಣೋನ್ಮುಖರಾದರು. ಸಾಯುವ ಮುನ್ನ ಅವನು ತನ್ನ ಮಕ್ಕಳ ಕೈಯಲ್ಲಿ ಕೋಟೆಯ ಬೀಗದ ಕೈಗಳನ್ನು ಕಳುಹಿಸಿಕೊಟ್ಟನು. ಗೆದ್ದವರಿಗೆ ೧೨ ಲಕ್ಷ ರೂಪಾಯಿ ನಗದು, ೮ ಲಕ್ಷ ರೂಪಾಯಿ ಬೆಲೆಬಾಳುವ ಮದ್ದುಗುಂಡು-ಧಾನ್ಯಾದಿಗಳು, ೨೩೦ ತೋಪುಗಳು ದೊರೆತವು. ಊರಿಗೆ ಜಫರಾಬಾದವೆಂಬ ಹೊಸ ಹೆಸರನ್ನಿಡಲಾಯಿತು.

ಈ ವೃತ್ತಾಂತದಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಮರ್ಜಾನನ ಶೌರ್ಯವು ನಮಗೆ ತಿಳಿದಿರುವುದು ಮುಖ್ಯವಾಗಿ ಅವನನ್ನು ಸೋಲಿಸಿದ ಮೊಗಲರ ಬರಹಗಳಿಂದ. ತನ್ನ ಪಕ್ಷದವನನ್ನು ಹೊಗಳುವ ಬರಹಗಾರನಲ್ಲಿ ಅತಿಶಯೋಕ್ತಿಯ ಶಂಕೆಗೆ ಎಡೆಯಿದೆ; ಎದುರಾಳಿಯ ಸ್ಥೈರ್ಯವನ್ನು ಒಪ್ಪಿಕೊಂಡು ಬರೆಯುವವನಲ್ಲಿ ಆ ಶಂಕೆ ಬಹುಮಟ್ಟಿಗೆ ಕಡಮೆಯಾಗುತ್ತದೆ. ಆದುದರಿಂದ ಶೌರ್ಯಕಥೆಯನ್ನು ಕೇಳಿದೊಡನೆ ಕೇಳಬೇಕಾದ ಮೊದಲ ಪ್ರಶ್ನೆ ಇದು: ಇದನ್ನು ಯಾರು ಹೇಳಿದರು, ಹೇಳಿದುದರಿಂದ ಅವರಿಗೆ ಏನು ಲಾಭ? ಈ ಪ್ರಶ್ನೆಯು ಮುಂದೆ ೧೯೪೮ರ ವೃತ್ತಾಂತಗಳಿಗೆ ಬಂದಾಗ ನಮಗೆ ಬಹಳ ಉಪಯೋಗವಾಗುವುದು.

೨. ಐತಿಹ್ಯಗಳಲ್ಲಿ ಹುದುಗಿದ ನಿಜ

ಐತಿಹ್ಯಗಳ ವಿಚಾರ ಬೇರೆ. ಬಹಮನಿ ಸುಲ್ತಾನ ಒಂದನೆಯ ಅಹಮದಶಹನು ಕಲಬುರ್ಗಿಯಿಂದ ಬೀದರಕ್ಕೆ ರಾಜಧಾನಿಯನ್ನು ಸಾಗಿಸಿದುದಕ್ಕೆ ಜನರು ಕೊಡುವ ಕಾರಣ ಹೀಗಿದೆ: ಬೇಟೆಯಲ್ಲಿ ನಾಯಿಗಳು ಅಟ್ಟಿಸಿಕೊಂಡು ಹೋದ ನರಿಯೊಂದು ಈ ನೆಲವನ್ನು ಮುಟ್ಟಿದೊಡನೆ ತಿರುಗಿ ನಾಯಿಗಳ ಮೇಲೆಯೇ ಬಿದ್ದಿತು, ಇದು ಗಂಡುಮೆಟ್ಟಿನ ಭೂಮಿಯೆಂದು ಸುಲ್ತಾನನು ನಿಶ್ಚಯಿಸಿದನು. ನರಿಯ ಸ್ಥಾನದಲ್ಲಿ ಮೊಲವನ್ನಿಟ್ಟರೆ ಇದೇ ಕಥೆ ವಿಜಯನಗರದ ಸ್ಥಾಪನೆಗೂ ಗುಜರಾತಿನ ಅಹಮದಾಬಾದಿನ ಸ್ಥಾಪನೆಗೂ ಹೊಂದುತ್ತದೆ. ಒಂದೇ ಘಟನೆ ಮೂರೆಡೆ ನಡೆಯುವುದು ಅಸಂಭವ. ಕಥೆಯೇ ಊರಿಂದೂರಿಗೆ ಸಂಚರಿಸಿದೆಯೆಂದು ತಿಳಿಯಬೇಕು. ಹಾಗಾದರೆ ಅದು ನಿರುಪಯೋಗಿಯೋ? ಅಲ್ಲ. ರಾಜಧಾನಿಯ ಆಯ್ಕೆಗೆ ಭೂಮಿಯ ಗುಣವೇ ಕಾರಣವಾಗಬೇಕೆಂಬ ಒಂದು ಕಾಲದ ಜನಸಾಮಾನ್ಯರ ನಂಬಿಕೆಯನ್ನು ಅದು ತೋರಿಸಿಕೊಡುತ್ತದೆ. ಬೀದರವೇ ನಳದಮಯಂತಿಯರ ವಿದರ್ಭವೆಂಬ ಹೇಳಿಕೆಯೂ ಇಂತಹದೇ. ಹೆಸರಿನ ಸಾಮ್ಯದ ಮೇಲೆ ನಿಂತ ಈ ಮಾತು ಫೆರಿಶ್ತಾನ ಬರಹವನ್ನೂ ಹೊಕ್ಕಿದೆ. ಗ್ರಂಥಸ್ಥವಾದ ಮಾತ್ರಕ್ಕೆ ಐತಿಹ್ಯವು ಇತಿಹಾಸವಾಗುವುದಿಲ್ಲ.

ಇನ್ನು ಸುರಂಗಗಳ ಕಥೆ. ಯುದ್ಧಕಾಲದಲ್ಲಿ ರಾಜಪರಿವಾರದವರು ತಪ್ಪಿಸಿಕೊಂಡು ಹೋಗಲು ನೆಲದಡಿಯಲ್ಲಿ ದಾರಿಗಳಿದ್ದವೆಂದು ನಾಡಿನ ಕೋಟೆಯೂರುಗಳಲ್ಲೆಲ್ಲ ಹೇಳುವುದುಂಟು. ಬೀದರದಲ್ಲಿಯಾದರೋ ನೆಲದಡಿಯಲ್ಲಿ ಮನುಷ್ಯರೇ ಕೊರೆದ ಉದ್ದವಾದ ಮಾರ್ಗಗಳು ನಿಜವಾಗಿಯೂ ಇವೆ. ಅವು ಬಹಮನಿಗಳ ಕಾಲದಲ್ಲಿ ಪಾರಸೀಕ ಪದ್ಧತಿಯಂತೆ ಕೊರೆದ ನೀರಿನ ಕಾಲುವೆಗಳು; ಕರೇಜ್ ಎಂದು ಇವುಗಳ ಹೆಸರು. ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಒಡಲಲ್ಲಿ ಇಂಗಿದ ಮಳೆಯ ನೀರನ್ನು ಹದವಾದ ಇಳಿಜಾರಿನಲ್ಲಿ ಹರಿಸಿ ತರುವುದಕ್ಕೆ ನೆಲದಡಿ ಮಾರ್ಗವನ್ನು ಕೊರೆದು, ಅಲ್ಲಲ್ಲಿ ಗಾಳಿ-ಬೆಳಕಿಗೂ ಹೂಳೆತ್ತುವುದಕ್ಕೂ ಬಾವಿಯಂತಹ ಕಂಡಿಗಳನ್ನು ಬಿಡುತ್ತಿದ್ದರು. ನೌಬಾದಿನ ಕರೇಜನ್ನು ಇತ್ತೀಚಿನ ದಶಕಗಳಲ್ಲಿ ವಿದ್ವಾಂಸರು ಪರಿಶೀಲಿಸಿದ್ದಾರೆ. ಹೂಳೆತ್ತುವ ಕಾರ್ಯವೂ ನಡೆದಿದೆ. ಜನರು ಅದನ್ನು ಸುರಂಗಬಾವಿಯೆಂದೇ ಕರೆಯುತ್ತಾರೆ. ಕಂಡಿಯಲ್ಲಿ ಇಣುಕಿ ಕತ್ತಲೆಯ ದಾರಿಯನ್ನು ಕಂಡವನು, ಅದರ ಬಳಕೆ ಮರೆತುಹೋದ ಮೇಲೆ, ಅದನ್ನು ಪಲಾಯನದ ಮಾರ್ಗವೆಂದು ಊಹಿಸಿದರೆ ಆಶ್ಚರ್ಯವಿಲ್ಲ. ಇಲ್ಲಿ ಐತಿಹ್ಯವು ಹೇಳುವ ಕಾರಣ ತಪ್ಪಾಗಿರಬಹುದು, ಅದು ಬೆರಳು ಮಾಡಿ ತೋರಿಸುವ ವಸ್ತು ಮಾತ್ರ ನಿಜ.

೩. ೧೯೪೮ರ ನೆನಪುಗಳು

ಮೇಲಿನ ಎರಡು ಉದಾಹರಣೆಗಳು ದೂರಕಾಲದವು. ಈ ಸೀಮೆಯ ಮನೆತನಗಳ ಜೀವಂತ ನೆನಪು ನಿಂತಿರುವುದು ೧೯೪೭-೪೮ರ ಮೇಲೆ. ಭಾರತವು ಸ್ವತಂತ್ರವಾದಾಗ ನಿಜಾಮ ಮೀರ್ ಉಸ್ಮಾನ್ ಅಲಿಖಾನನು ಒಕ್ಕೂಟವನ್ನು ಸೇರದೆ ೧೯೪೭ರ ನವೆಂಬರ ೨೯ರಂದು ಯಥಾಸ್ಥಿತಿ ಒಪ್ಪಂದಕ್ಕೆ ಮಾತ್ರ ಸಹಿ ಹಾಕಿದನು. ಲಾತೂರಿನಲ್ಲಿ ವಕೀಲನಾಗಿದ್ದ ಕಾಸಿಂ ರಜವಿಯ ನೇತೃತ್ವದ ರಜಾಕಾರರು ಹಳ್ಳಿಗಳಲ್ಲಿ ನಡೆಸಿದ ಹಾವಳಿಯಿಂದ ಅನೇಕ ಮನೆತನಗಳು ಗಡಿ ದಾಟಿ ಸೋಲಾಪುರದ ಕಡೆಗೆ ಹೋದವು. ೧೯೪೮ರ ಮೇ ತಿಂಗಳಲ್ಲಿ ಬಸವಕಲ್ಯಾಣ ಸೀಮೆಯ ಗೋರ್ಟಾ ಗ್ರಾಮದಲ್ಲಿ ನಡೆದ ಸಾಮೂಹಿಕ ಹತ್ಯೆ ಇವುಗಳಲ್ಲೆಲ್ಲ ಘೋರವಾದುದು. ಸತ್ತವರು ೨೦೦ಕ್ಕೂ ಹೆಚ್ಚೆಂಬುದು ಊರಿನವರ ಎಣಿಕೆ. ಅಲ್ಲಿ ಹುತಾತ್ಮರ ಸ್ಮಾರಕವು ಉದ್ಘಾಟನೆಗೊಂಡದ್ದು ೨೦೨೩ರ ಮಾರ್ಚಿಯಲ್ಲಿ. ಎಂದರೆ ಸುಮಾರು ೭೫ ವರ್ಷಗಳ ಕಾಲ ಆ ಘಟನೆಯ ಭಾರವನ್ನು ಹೊತ್ತುದು ಮುಖ್ಯವಾಗಿ ಮನೆಮಾತುಗಳೇ.

ಆಯುಧವಿಲ್ಲದ ಧೈರ್ಯವನ್ನೂ ಇಲ್ಲಿಯೇ ಹೇಳಬೇಕು. ಉರ್ದು ರಾಜ್ಯಭಾಷೆಯಾಗಿ ಕನ್ನಡ ಶಾಲೆಗಳಿಗೆ ಎಡೆಯಿಲ್ಲದಿದ್ದ ದಿನಗಳಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗುಹಾಕಿ ಒಳಗೆ ಕನ್ನಡವನ್ನು ಕಲಿಸಿದರೆಂಬುದು ಈ ಸೀಮೆಯ ಮನೆಮನೆಯ ಮಾತು. ೧೯೯೯ರವರೆಗೆ ಬಾಳಿದ ಅವರ ಕಾರ್ಯಕ್ಕೆ ಅವರಿಂದ ಅಕ್ಷರ ಕಲಿತವರ ತಲೆಮಾರುಗಳೇ ಸಾಕ್ಷಿ.

೧೯೪೮ರ ಸೆಪ್ಟೆಂಬರ ೧೩ರಂದು ಭಾರತದ ಸೈನ್ಯವು ಸಂಸ್ಥಾನವನ್ನು ಪ್ರವೇಶಿಸಿತು. ೧೭ರಂದು ನಿಜಾಮನು ಹೋರಾಟವನ್ನು ನಿಲ್ಲಿಸಿದನು. ಪಠ್ಯಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತವೆ. ಮನೆತನದ ನೆನಪುಗಳು ಇಲ್ಲಿಗೆ ಮುಗಿಯುವುದಿಲ್ಲ. ಕಾರ್ಯಾಚರಣೆಯ ಕಾಲದಲ್ಲಿ ಮತ್ತು ತರುವಾಯದ ವಾರಗಳಲ್ಲಿ ಸೇಡಿನ ಹಿಂಸೆ ನಡೆದು, ರಜಾಕಾರರೊಡನೆ ಯಾವ ಸಂಬಂಧವೂ ಇಲ್ಲದ ಮುಸಲ್ಮಾನ ಮನೆತನಗಳೂ ನಾಶವಾದುವು. ಇದನ್ನು ವಿಚಾರಿಸಲು ಪ್ರಧಾನಮಂತ್ರಿ ನೆಹರೂ ಅವರ ಪ್ರೇರಣೆಯಿಂದ ಬಂದ ಪಂಡಿತ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್ ಮೊದಲಾದವರ ಮಂಡಲಿಯು ಅದೇ ವರ್ಷದ ನವೆಂಬರ-ಡಿಸೆಂಬರುಗಳಲ್ಲಿ ೧೬ ಜಿಲ್ಲೆಗಳ ಪೈಕಿ ೯ರಲ್ಲಿ ಸಂಚರಿಸಿತು. ಒಟ್ಟು ಸತ್ತವರು ಕನಿಷ್ಠ ೨೭,೦೦೦ದಿಂದ ೪೦,೦೦೦ವೆಂದು ಅಂದಾಜು ಮಾಡಿ, ಉಸ್ಮಾನಾಬಾದ, ಕಲಬುರ್ಗಿ, ಬೀದರ, ನಾಂದೇಡಗಳನ್ನು ಹೆಚ್ಚು ಹಾನಿಗೊಂಡ ನಾಲ್ಕು ಜಿಲ್ಲೆಗಳೆಂದು ಹೆಸರಿಸಿತು. ಅಂದಿನ ಸರಕಾರವು ಈ ವರದಿಯನ್ನು ಪ್ರಕಟಿಸಲಿಲ್ಲ. ಎಷ್ಟೋ ದಶಕಗಳ ಬಳಿಕ ಅದು ಓದುಗರಿಗೆ ದೊರೆಯಿತು. ಅಂಕಿಗಳು ಅಂದಾಜಿನವೆಂಬುದನ್ನು ನೆನಪಿಡಬೇಕಾದರೂ ವಿಪತ್ತಿನ ವ್ಯಾಪ್ತಿಯನ್ನು ಅಲ್ಲಗಳೆಯುವಂತಿಲ್ಲ.

ಅದೇ ವರದಿಯಲ್ಲಿ ನಮ್ಮ ವಿಷಯಕ್ಕೆ ಅತ್ಯಂತ ಸಮೀಪವಾದ ಮಾತೊಂದಿದೆ. ತಮ್ಮ ಪ್ರಾಣವನ್ನೇ ಒತ್ತೆಯಿಟ್ಟು ಮುಸಲ್ಮಾನ ನೆರೆಯವರನ್ನು ಕಾಪಾಡಿದ ಹಿಂದೂಗಳ ನಿದರ್ಶನಗಳು ಮಂಡಲಿಯ ಗಮನಕ್ಕೆ ಬಂದವು. ಒಂದೇ ಕಸುಬಿನವರಲ್ಲಿ ಈ ಭಾವನೆ ಹೆಚ್ಚಾಗಿತ್ತು. ಕೆಲವೆಡೆ ಹಿಂದೂ ನೇಕಾರರು ಮುಸಲ್ಮಾನ ನೇಕಾರರ ಪರವಾಗಿ ನಿಂತು ತಾವೇ ಸತ್ತರು. ಇಂತಹವರಿಗೆ ಸ್ಮಾರಕಗಳಿಲ್ಲ. ಇವರ ಹೆಸರುಗಳು ಉಳಿದಿದ್ದರೆ ಉಳಿಸಲ್ಪಟ್ಟವರ ಮನೆಗಳಲ್ಲಿಯೇ ಉಳಿದಿರಬೇಕು. ಮರ್ಜಾನನ ಪ್ರಸಂಗದಲ್ಲಿ ಕೇಳಿದ ಪ್ರಶ್ನೆಯನ್ನು ಇಲ್ಲಿ ಕೇಳಿ ನೋಡಬೇಕು. ತನ್ನ ಅಜ್ಜನು ಶೂರನೆಂದು ಮೊಮ್ಮಗನು ಹೇಳುವ ಮಾತಿಗಿಂತ, ಪಕ್ಕದ ಕೇರಿಯವರ ಅಜ್ಜನಿಂದ ತನ್ನ ಮನೆ ಉಳಿಯಿತೆಂದು ಹೇಳುವವನ ಮಾತಿಗೆ ತೂಕ ಹೆಚ್ಚು.

೪. ವರ್ಷ ಒಂದೇ, ಘಟನೆ ಎರಡು

ಈ ವೃತ್ತಾಂತಗಳನ್ನು ಪರೀಕ್ಷಿಸುವಲ್ಲಿ ಒಂದು ವಿಶೇಷವಾದ ತೊಡಕಿದೆ. ಮನೆಯ ಕಾಗದಗಳಲ್ಲಿ ಕಾಲವನ್ನು ಹಲವು ವೇಳೆ ನಿಜಾಮ ಸರಕಾರದ ಫಸಲಿ ವರ್ಷದಲ್ಲಿ ಬರೆದಿರುತ್ತದೆ. ಈ ವರ್ಷವು ಅಕ್ಟೋಬರದ ಮೊದಲ ವಾರದಲ್ಲಿ ಆರಂಭವಾಗುತ್ತಿದ್ದಿತು. ಅಂದಿನಿಂದ ಡಿಸೆಂಬರ ಕೊನೆಯವರೆಗಿನ ತೇದಿಗಳಿಗೆ ೫೯೦ನ್ನೂ, ಜನವರಿಯಿಂದ ವರ್ಷಾಂತ್ಯದವರೆಗಿನವುಗಳಿಗೆ ೫೯೧ನ್ನೂ ಕೂಡಿಸಿದರೆ ಕ್ರಿಸ್ತಶಕ ದೊರೆಯುತ್ತದೆ. ಹೀಗೆ ಲೆಕ್ಕ ಮಾಡಿದರೆ ಗೋರ್ಟಾದ ಘಟನೆಯೂ ಪೋಲೀಸು ಕಾರ್ಯಾಚರಣೆಯೂ ಫಸಲಿ ೧೩೫೭ರಲ್ಲಿಯೇ ಬೀಳುತ್ತವೆ. ಹಿಜರಿಯ ಲೆಕ್ಕದಲ್ಲಿ ಎರಡೂ ೧೩೬೭. ನಮ್ಮ ಪಂಚಾಂಗದಂತೆ ಎರಡೂ ಸರ್ವಧಾರಿ ಸಂವತ್ಸರ. ಬರಿಯ ವರ್ಷವನ್ನು ಹೇಳುವ ಕಾಗದವು, ಸತ್ತವನು ರಜಾಕಾರರ ಹಾವಳಿಯಲ್ಲಿ ಸತ್ತನೋ ಅನಂತರದ ಹಿಂಸೆಯಲ್ಲಿ ಸತ್ತನೋ ಎಂಬುದನ್ನು ಹೇಳಲಾರದು. ಅವಸರದಲ್ಲಿ ಓದಿದವನು ಕೊಲೆಯ ಹೊಣೆಯನ್ನು ಬೇರೊಬ್ಬರ ಮೇಲೆ ಹೊರಿಸಿಬಿಡಬಹುದು.

ಆದುದರಿಂದ ತಿಂಗಳನ್ನು ಹುಡುಕಬೇಕು. ಫಸಲಿಯ ಕೊನೆಯ ತಿಂಗಳಾದ ಆಬಾನ್ ಎಂದಿದ್ದರೆ ಅದು ಕಾರ್ಯಾಚರಣೆಯ ಕಾಲ. ಕಾಗದವಿಲ್ಲದ ಕಡೆ ಋತುವೇ ಸಾಕ್ಷಿ. ಬಿಸಿಲು, ಬರಿದಾದ ಹೊಲ, ಬತ್ತಿದ ಹಳ್ಳಗಳ ನೆನಪು ಬಂದರೆ ಮೇ ತಿಂಗಳಿಗೆ ಹೊಂದುತ್ತದೆ. ಎದೆಯೆತ್ತರದ ಜೋಳದಲ್ಲಿ ಅಡಗಿದುದು, ತುಂಬಿದ ಮಾಂಜರಾ ನದಿಯನ್ನು ದಾಟಿದುದು, ಗಣೇಶನ ಹಬ್ಬದ ಮರುದಿನಗಳು ಎಂದರೆ ಭಾದ್ರಪದ. ಮುದುಕಿಯೊಬ್ಬಳು ವರ್ಷವನ್ನು ಮರೆತಿದ್ದಾಳು, ಬೆಳೆಯ ಎತ್ತರವನ್ನು ಮರೆಯಲಾರಳು.

೫. ಮಾಡಬೇಕಾದ ಕೆಲಸ

ಮನೆತನದ ಚರಿತ್ರೆಗೆ ಆಧಾರಗಳು ಇಲ್ಲದಿಲ್ಲ. ಪಾಟೀಲ, ಕುಲಕರ್ಣಿ, ದೇಶಮುಖ ಮನೆತನಗಳಲ್ಲಿ ವತನದ ಕಾಗದಗಳಿವೆ. ಅವು ಕೆಲವು ಮೋಡಿ ಲಿಪಿಯ ಮರಾಠಿಯಲ್ಲಿಯೂ, ಕೆಲವು ಪಾರಸಿ-ಉರ್ದುಗಳಲ್ಲಿಯೂ, ಕೆಲವು ಕನ್ನಡದಲ್ಲಿಯೂ ಇರುವುದರಿಂದ ಇಂದಿನ ಮಕ್ಕಳಿಗೆ ಓದಲು ಬಾರದೆ ಗಂಟಿನಲ್ಲಿಯೇ ಜೀರ್ಣವಾಗುತ್ತಿವೆ. ಉತ್ತರ ಕರ್ನಾಟಕದಲ್ಲಿ ಎತ್ತನ್ನೇರಿ ಬಂದು ವಂಶಾವಳಿಯನ್ನು ಹಾಡಿ ಧಾನ್ಯವನ್ನು ಪಡೆಯುವ ಹೆಳವರ ಹೊತ್ತಗೆಗಳು ಇನ್ನೊಂದು ಆಧಾರ; ಆದರೆ ದಾನ ಕೊಡುವ ಮನೆಯ ಹೊಗಳಿಕೆ ಅವುಗಳಲ್ಲಿ ಸಹಜವಾದುದರಿಂದ ಹೆಸರು-ಸಂಬಂಧಗಳಿಗೆ ಮಾತ್ರ ಅವನ್ನು ನೆಚ್ಚುವುದು ಲೇಸು. ೧೯೫೬ರ ನವೆಂಬರ ೧ರಂದು ಹಳೆಯ ಬೀದರ ಜಿಲ್ಲೆಯು ಮೂರು ಪಾಲಾಗಿ, ಉದಗೀರ, ನಿಲಂಗಾ ಮೊದಲಾದವು ಮುಂಬಯಿ ರಾಜ್ಯಕ್ಕೂ, ಜಹೀರಾಬಾದ, ನಾರಾಯಣಖೇಡಗಳು ಆಂಧ್ರಕ್ಕೂ, ಉಳಿದವು ಮೈಸೂರಿಗೂ ಸೇರಿದುದರಿಂದ ಒಂದೇ ಮನೆತನದ ದಾಖಲೆಗಳನ್ನು ಇಂದು ಮೂರು ರಾಜ್ಯಗಳಲ್ಲಿ ಅರಸಬೇಕಾಗಿದೆ.

ಕಥೆಯನ್ನು ಬರೆದುಕೊಳ್ಳುವವರು ನಾಲ್ಕು ಅಂಶಗಳನ್ನು ತಪ್ಪದೆ ಗುರುತಿಸಬೇಕು: ಹೇಳಿದವರು ಅದನ್ನು ಕಣ್ಣಾರೆ ಕಂಡರೋ ಕೇಳಿ ತಿಳಿದರೋ, ಆಗ ಅವರ ವಯಸ್ಸೆಷ್ಟು, ಋತು ಅಥವಾ ಹಬ್ಬ ಯಾವುದು, ಅದೇ ಘಟನೆಯನ್ನು ಎದುರು ಪಕ್ಷದ ಮನೆಯವರು ಹೇಗೆ ಹೇಳುತ್ತಾರೆ. ಕೇಳಿದ ಮಾತನ್ನು ತಿದ್ದದೆ, ಬೀದರದ ಆಡುಮಾತಿನಲ್ಲಿಯೇ ಬರೆದುಕೊಳ್ಳಬೇಕು. ಶೋಧನೆಯು ಅನಂತರದ ಕೆಲಸ.

೧೯೪೮ರಲ್ಲಿ ಹತ್ತು ವರ್ಷದವರಾಗಿದ್ದವರು ಈಗ ಎಂಬತ್ತೈದನ್ನು ದಾಟಿದ್ದಾರೆ. ಕೋಟೆಯ ಕಲ್ಲು ಕಾಯಬಲ್ಲುದು, ಕಡತವೂ ಕೆಲಕಾಲ ಕಾದೀತು. ಇವರ ಮಾತು ಕಾಯದು. ಗೋರ್ಟಾದಲ್ಲಿ ತಂದೆಯನ್ನು ಕಳೆದುಕೊಂಡವರ ನೆನಪೂ, ಆ ಭಾದ್ರಪದದಲ್ಲಿ ನೆರೆಯವರ ಕಣಜದ ಹಿಂದೆ ಅಡಗಿ ಉಳಿದವರ ನೆನಪೂ ಒಂದೇ ಪುಸ್ತಕದ ಎದುರುಬದಿರು ಪುಟಗಳಲ್ಲಿ ಬರೆಯಲ್ಪಟ್ಟಾಗ ಮಾತ್ರ ಈ ಸೀಮೆಯ ಚರಿತ್ರೆಯು ಪೂರ್ಣವಾದುದೆಂದು ಹೇಳಬಹುದು.